ಟಿಎಸ್9, ಎಸ್‌ಡಿ-1, ರ‍್ಯಾಟ್: ಮನೆಯಲ್ಲಿ ಗೆಲ್ಲೋದು ಒಂದು, ಸ್ಟೇಜ್ ಮೇಲೆ ಇನ್ನೊಂದು

ಮೊದಲೇ ಹೇಳಿಬಿಡುತ್ತೇನೆ. ಓವರ್‌ಡ್ರೈವ್ ಪೆಡಲ್, ಅಂದರೆ ಕಾಲಲ್ಲಿ ಒತ್ತಿ ಗಿಟಾರಿನ ದನಿಯನ್ನು ಒಡೆಸುವ ಡಬ್ಬಿಯನ್ನು, ಮನೆಯಲ್ಲಿ ಒಬ್ಬರೇ ಕೂತು ಕೇಳಿ ಆರಿಸಬೇಡಿ. ಅಂಗಡಿಯಲ್ಲೂ ಬೇಡ. ಮೇಳದ ಜೊತೆ ನುಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ನನ್ನ ಹತ್ತಿರ ಸದ್ಯ ಮೂರಿವೆ. ಐಬನೆಜ್ ಟ್ಯೂಬ್ ಸ್ಕ್ರೀಮರ್ ಟಿಎಸ್9, ಬಾಸ್ ಎಸ್‌ಡಿ-1, ಪ್ರೊಕೋ ರ‍್ಯಾಟ್ 2. ಗಿಟಾರ್ ಒಂದೇ, ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಒಂದೇ ಸುರುಳಿ) ಇರುವ ಸ್ಟ್ರ್ಯಾಟ್ ಮಾದರಿ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಒಂದು ಸಣ್ಣ ಪ್ರಾಕ್ಟೀಸ್ ಆಂಪ್ (ಗಿಟಾರಿನ ದನಿ ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆ) ಇದೆ, ಅದರ ವಾಲ್ಯೂಮ್ 2 ದಾಟಿದರೆ ಪಕ್ಕದ ಮನೆಯ ಆಜೋಬಾ (ಅಜ್ಜ) ಬಂದು ಬೆಲ್ ಒತ್ತುತ್ತಾರೆ. ಹೊರಗೆ ಅಂದರೆ ಬಾಡಿಗೆಯ ಜಾಮ್ ರೂಮು, ಮತ್ತೆ ಕನ್ನಡ ಸಂಘಗಳ ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾ. ಎರಡು ಕಡೆಯೂ ಮೂರನ್ನೂ ಅದೇ ಗಿಟಾರಿಗೆ ಹಾಕಿ ನುಡಿಸಿದ್ದೇನೆ.

ಮನೆಯಲ್ಲಿ ರ‍್ಯಾಟ್ ಸಲೀಸಾಗಿ ಗೆಲ್ಲುತ್ತದೆ. ಕಡಿಮೆ ಸದ್ದಿನಲ್ಲೂ ದಪ್ಪ, ತುಂಬಿದ ದನಿ. ಒಂದು ಪವರ್ ಕಾರ್ಡ್ ಹಿಡಿದರೆ ಸಾಕು, ಹತ್ತು ಬೈ ಹತ್ತರ ರೂಮು ತುಂಬಿಹೋಗುತ್ತದೆ. ಎಸ್‌ಡಿ-1 ಸ್ವಲ್ಪ ಚುರುಕು, ಸ್ವಲ್ಪ ಒರಟು. ಟಿಎಸ್9 ಮಾತ್ರ ನೆಗಡಿ ಆದವರು ಹಾಡಿದ ಹಾಗೆ, ಕೆಳಗಿನ ತಂತಿಗಳ ಭಾರವೇ ಮಾಯ. ಇಷ್ಟು ಹೆಸರು ಮಾಡಿದ ಪೆಡಲ್ ಇದೇನಾ ಅನಿಸುತ್ತದೆ.

ಸ್ಟೇಜ್ ಮೇಲೆ ಲೆಕ್ಕ ಪೂರ್ತಿ ಉಲ್ಟಾ. ನಮ್ಮ ಆರ್ಕೆಸ್ಟ್ರಾಗಳ ಕಥೆ ಗೊತ್ತಲ್ವಾ, ಕೀಬೋರ್ಡಿನವರು ಎಡಗೈಯಲ್ಲಿ ಬೇಸ್ ಹಿಡಿದಿರುತ್ತಾರೆ, ಬಲಗೈಯಲ್ಲಿ ಸ್ಟ್ರಿಂಗ್ಸ್, ಇತ್ತ ಢೋಲಕ್ ಒಂದು ಕಡೆ, ಪ್ಯಾಡು ಒಂದು ಕಡೆ, ಮೇಲೆ ಝಲ್ ಅಂತ ಸಿಂಬಲ್ಲು. ಗಿಟಾರಿಗೆ ಉಳಿಯೋದು ಮಧ್ಯದಲ್ಲಿ ಒಂದು ಸಣ್ಣ ಜಾಗ. ರ‍್ಯಾಟ್‌ನ ಆ ದಪ್ಪ ದನಿ ಕೀಬೋರ್ಡ್ ಬೇಸ್ ಜೊತೆ ಕಲಸಿಹೋಗಿ ಮೊದಲ ಸಾಲಿನಲ್ಲಿ ಕೂತ ಅತ್ತಿಗೆಗೂ ಕೇಳಿಸಲಿಲ್ಲ. ಮುಂದಿನ ಹಾಡಿಗೆ ಟಿಎಸ್9 ಹಾಕಿದೆ. ನಾಬನ್ನು ಗಡಿಯಾರದ ಮುಳ್ಳಿನ ಹಾಗೆ ನೋಡಿದರೆ ಡ್ರೈವ್ (ದನಿ ಎಷ್ಟು ಒಡೆಯಬೇಕು ಅನ್ನೋದು) ಸುಮಾರು 9 ಗಂಟೆಯ ಜಾಗದಲ್ಲಿ, ಲೆವೆಲ್ (ಹೊರಹೋಗುವ ಸದ್ದು) 3 ಗಂಟೆಗೆ, ಟೋನ್ ನೆಟ್ಟಗೆ ನಡುವೆ. ಇಂಟರ್‌ಲ್ಯೂಡಿನ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಹಾಲಿನ ಕೊನೆಯವರೆಗೆ ಹೋಯಿತು. ಮಿಕ್ಸರ್ ಹತ್ತಿರ ಕೂತವರು ಏನೂ ಮುಟ್ಟಿರಲಿಲ್ಲ.

ಕಾರಣ ಸರ್ಕ್ಯೂಟಿನಲ್ಲೇ ಇದೆ. ಟ್ಯೂಬ್ ಸ್ಕ್ರೀಮರ್ ಸಿಗ್ನಲ್ಲನ್ನು ಹಿಗ್ಗಿಸುವ ಹಂತದಲ್ಲಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದನ್ನು ಹೆಚ್ಚು ಹಿಗ್ಗಿಸುವುದೇ ಇಲ್ಲ. ಬೇಸ್ ಹಾಗೇ ಹಿಂದೆ ಉಳಿಯುತ್ತದೆ. ಆಮೇಲಿನ ಟೋನ್ ಭಾಗ ಮೇಲಿನ ಚೂಪನ್ನೂ ಇಳಿಸುತ್ತದೆ. ಎದ್ದು ನಿಲ್ಲೋದು ನಡುವಿನ ಭಾಗ. ಒಬ್ಬರೇ ಕೇಳುವಾಗ ಅದು ಮೂಗಿನ ದನಿ, ಗುಂಪಿನಲ್ಲಿ ಅದೇ ನಮ್ಮ ಜಾಗ. ಇನ್ನೊಂದು ವಿಷಯ, ಇದರಲ್ಲಿ ಅಲೆಯ ತುದಿ ಕತ್ತರಿಸಿ ದನಿ ಒಡೆಸುವ ಡಯೋಡುಗಳು ಇರೋದು ಆಪ್ ಆಂಪಿನ (ಸಿಗ್ನಲ್ ಹಿಗ್ಗಿಸುವ ಚಿಪ್ಪಿನ) ಫೀಡ್‌ಬ್ಯಾಕ್ ದಾರಿಯಲ್ಲಿ, ಅಂದರೆ ಹೊರಬಂದದ್ದು ಮತ್ತೆ ಒಳಕ್ಕೆ ಮರಳುವ ದಾರಿಯಲ್ಲಿ. ಹಾಗಾಗಿ ಒಡೆದ ದನಿಯ ಜೊತೆಗೆ ಗಿಟಾರಿನ ಸ್ವಚ್ಛ ದನಿಯೂ ಸ್ವಲ್ಪ ಹಾಗೇ ಹಾದುಹೋಗುತ್ತದೆ. ಬೆರಳಿನ ಒತ್ತು ಕಡಿಮೆ ಮಾಡಿದರೆ ದನಿಯೂ ತಿಳಿಯಾಗುತ್ತದೆ. ಭಾವಗೀತೆಗೆ ನುಡಿಸುವವರಿಗೆ ಇದು ತುಂಬಾ ಬೇಕು.

ಇದನ್ನು ರೂಪಿಸಿದವರು ಸುಸುಮು ತಮುರಾ. ಜಪಾನಿನ ನಿಶ್ಶಿನ್ ಒನ್ಪಾ ಕಂಪನಿಯಲ್ಲಿದ್ದರು, ಅದೇ ಮ್ಯಾಕ್ಸನ್ ಹೆಸರಲ್ಲಿ ಪೆಡಲ್ ಮಾರುತ್ತಿದ್ದದ್ದು, ಐಬನೆಜ್‌ಗೂ ಮಾಡಿಕೊಡುತ್ತಿದ್ದದ್ದು. ಟಿಎಸ್808 ಬಂದದ್ದು 1979ರಲ್ಲಿ, ಟಿಎಸ್9 1982ರಲ್ಲಿ. ಎರಡಕ್ಕೂ ಸರ್ಕ್ಯೂಟಿನಲ್ಲಿರುವ ವ್ಯತ್ಯಾಸ ಮುಖ್ಯವಾಗಿ ಔಟ್‌ಪುಟ್ ಕಡೆಯ ಎರಡು ರೆಸಿಸ್ಟರುಗಳದ್ದು. ಅಷ್ಟಕ್ಕೇ ಹಳೆಯ 808ಕ್ಕೆ ಜನ ಎಷ್ಟು ಕೊಡುತ್ತಾರೆ ಅಂತ ಕೇಳಿದರೆ ತಲೆ ತಿರುಗುತ್ತದೆ. ಟೆಕ್ಸಾಸಿನ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಟ್ಯೂಬ್ ಸ್ಕ್ರೀಮರಿನ ಬೇರೆ ಬೇರೆ ಮಾದರಿಗಳನ್ನು ಬಳಸಿದರು, ಅದಕ್ಕೇ ಬ್ಲೂಸ್ ಕಲಿಯುವವರೆಲ್ಲ ಇದರ ಹಿಂದೆ ಬೀಳೋದು. ಆದರೆ ಅವರು ಹಾಕುತ್ತಿದ್ದ ದಪ್ಪ ತಂತಿಗಳು, ಜೋರಾಗಿ ಓಡಿಸುತ್ತಿದ್ದ ಟ್ಯೂಬ್ ಆಂಪುಗಳು ಪೆಡಲ್ ಡಬ್ಬಿಯೊಳಗೆ ಬರೋದಿಲ್ಲ ಸ್ವಾಮಿ. ಜೆಆರ್‌ಸಿ4558 ಅನ್ನೋ ಟ್ಯೂಬ್ ಸ್ಕ್ರೀಮರಿನ ಚಿಪ್ಪಿನ ಬಗ್ಗೆಯೂ ಇಂಥದ್ದೇ ಭಕ್ತಿ. ಅದು ಎಲ್ಲೆಲ್ಲೂ ಬಳಸುವ ಸಾಧಾರಣ ಆಪ್ ಆಂಪ್. ಮುಂಬೈಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೋಗಿ 4558 ಅಂದರೆ ಅಂಗಡಿಯವನು ತಲೆ ಎತ್ತದೆ ಡಬ್ಬಿಯಿಂದ ತೆಗೆದುಕೊಡುತ್ತಾನೆ.

ಎಸ್‌ಡಿ-1 ಇದರ ದಾಯಾದಿ. 1977ರ ಬಾಸ್ ಓಡಿ-1ಕ್ಕೆ ಟೋನ್ ನಾಬ್ ಇರಲಿಲ್ಲ. 1981ರಲ್ಲಿ ಅದನ್ನು ಸೇರಿಸಿ ಇದನ್ನು ತಂದರು. ಡಯೋಡುಗಳು ಒಂದು ಕಡೆಗೆ ಎರಡು, ಇನ್ನೊಂದು ಕಡೆಗೆ ಒಂದು, ಹಾಗಾಗಿ ಅಲೆಯ ಮೇಲ್ಭಾಗವೂ ಕೆಳಭಾಗವೂ ಒಂದೇ ರೀತಿ ಕತ್ತರಿಸಿಹೋಗುವುದಿಲ್ಲ. ಕಿವಿಗೆ ಗೊತ್ತಾಗೋದು ಸ್ವಲ್ಪ ಹೆಚ್ಚು ಒರಟು, ಸ್ವಲ್ಪ ಹೆಚ್ಚು ಚೂಪು. ಟೋನ್ 12 ಗಂಟೆ ದಾಟಿಸಿದರೆ ನನ್ನ ಗಿಟಾರಿನಲ್ಲಿ ಕಿವಿ ಚುಚ್ಚುತ್ತದೆ, ಹ್ಯೂಮ್‌ಬಕರ್ (ಎರಡು ಸುರುಳಿಯ ಪಿಕಪ್) ಇರುವವರಿಗೆ ಆ ತೊಂದರೆ ಕಡಿಮೆ. ಜ್ಯಾಕ್ ವೈಲ್ಡ್ ತರಹದ ಹೆವಿ ಮೆಟಲ್ ಗಿಟಾರಿಸ್ಟರು ಮಾರ್ಷಲ್ ಆಂಪಿನ ಮುಂದೆ ಇಟ್ಟು ಡ್ರೈವ್ ಇಳಿಸಿ, ಲೆವೆಲ್ ಏರಿಸಿ ಬಳಸಿದ್ದು ಇದೇ ಪೆಡಲ್ಲನ್ನು. ಬ್ಯಾಂಡ್ ನಡುವೆ ಟಿಎಸ್9 ಮಾಡುವ ಕೆಲಸದ ಬಹುಪಾಲು ಇದೂ ಮಾಡುತ್ತದೆ. ಬೆಲೆ ನೋಡಿದರೆ ಹತ್ತಿರ ಹತ್ತಿರ ಅರ್ಧ.

ಲೋಕಲ್ ಟ್ರೈನಿನ ಲೆಕ್ಕವೂ ಇದೆ. ಸಂಜೆ ದಾದರಿನಲ್ಲಿ ಕಲ್ಯಾಣ್ ಫಾಸ್ಟ್ ಹತ್ತುವಾಗ ಬೆನ್ನಿಗೆ ಗಿಟಾರ್, ಕೈಯಲ್ಲಿ ಪೆಡಲ್‌ಬೋರ್ಡ್ ಅಂದರೆ ಸುಮ್ನೆ ಬೈಸಿಕೊಳ್ಳೋದು. ಎಸ್‌ಡಿ-1 ಗಿಟಾರ್ ಬ್ಯಾಗಿನ ಮುಂದಿನ ಜೇಬಿನಲ್ಲಿ ಕೂರುತ್ತದೆ. ಮುಂದಿರುವ ಸ್ಕ್ರೂ ಕೈಯಲ್ಲೇ ತಿರುಗಿಸಿದರೆ ಬ್ಯಾಟರಿ ಸಿಗುತ್ತದೆ, ಸ್ಕ್ರೂಡ್ರೈವರ್ ಬೇಡ. ರ‍್ಯಾಟ್ ಹಾಗಲ್ಲ, ಅಗಲ ಜಾಸ್ತಿ, ತೂಕವೂ ಜಾಸ್ತಿ.

ಹಾಗಂತ ರ‍್ಯಾಟ್ ಬೇಡ ಅನ್ನೋದಿಲ್ಲ. ಅದರ ಜಾಗ ಬೇರೆ. 1970ರ ದಶಕದ ಕೊನೆಗೆ ಅಮೆರಿಕದ ಕಲಮಜೂ ಊರಿನಲ್ಲಿ ಸ್ಕಾಟ್ ಬರ್ನಮ್ ಇದನ್ನು ಮಾಡಿದರು. ಇದರಲ್ಲಿ ಡಯೋಡು ಆಪ್ ಆಂಪಿನ ಆಚೆ, ಸರ್ಕ್ಯೂಟಿನ ಗ್ರೌಂಡಿಗೆ ಕಟ್ಟಿದ್ದು. ಮಿತಿ ಮೀರಿದ್ದನ್ನೆಲ್ಲ ನೇರವಾಗಿ ಕತ್ತರಿಸುತ್ತದೆ, ದಾಕ್ಷಿಣ್ಯ ಇಲ್ಲ. ಹಳೆಯವುಗಳಲ್ಲಿದ್ದ ಎಲ್‌ಎಂ308 ಚಿಪ್ ತುಂಬಾ ನಿಧಾನ, ಬೇಗ ಬೇಗ ಏರಿಳಿಯುವ ಅಲೆಯನ್ನು ಹಿಂಬಾಲಿಸಲಾರದು, ಅದಕ್ಕೇ ಚೂಪು ತಾನಾಗಿ ಮೊಂಡಾಗುತ್ತದೆ. ಆಮೇಲೆ ಬೇರೆ ಚಿಪ್ ಹಾಕಿದರು. ನನ್ನದು ಹೊಸದು, ಅದರ ಮೇಲೆ ನನಗೇನೂ ದೂರಿಲ್ಲ. ಫಿಲ್ಟರ್ ನಾಬ್ ಮಾತ್ರ ಉಲ್ಟಾ, ಬಲಕ್ಕೆ ತಿರುಗಿಸಿದಷ್ಟೂ ದನಿ ಮಂಕು. ಇಂಗ್ಲೆಂಡಿನ ಬ್ಲರ್ ತಂಡದ ಗಿಟಾರಿಸ್ಟ್ ಗ್ರಹಾಂ ಕಾಕ್ಸನ್ ನುಡಿಸಿದ್ದನ್ನು ಕೇಳಿದವರಿಗೆ ಇದರ ಗುಣ ಗೊತ್ತು. ಜಾಮ್ ರೂಮಿನಲ್ಲಿ ಕೀಬೋರ್ಡ್ ಇಲ್ಲದೆ, ಗಿಟಾರ್, ಬೇಸ್, ಡ್ರಮ್ಸ್ ಮೂವರೇ ಇದ್ದಾಗ ರ‍್ಯಾಟ್ ಎದುರು ಉಳಿದ ಎರಡೂ ಬಡಕಲು. ಖಾಲಿ ಜಾಗ ತುಂಬಬೇಕಾದರೆ ಇದೇ ಬೇಕು.

ಗುಂಯ್ ಅನ್ನೋ ಸದ್ದಿನ ಮಾತು ಬಂದರೆ ರ‍್ಯಾಟ್ ಕೊನೆ. ಗೇನ್ ಜಾಸ್ತಿ ಇದ್ದಷ್ಟೂ ಹಮ್ ಜಾಸ್ತಿ. ಹಳೆಯ ಸೊಸೈಟಿ ಹಾಲುಗಳಲ್ಲಿ ಪ್ಲಗ್ಗಿಗೆ ಅರ್ಥಿಂಗ್ ಸರಿ ಇರೋದಿಲ್ಲ, ತಂತಿ ಮುಟ್ಟಿದರೆ ಸದ್ದು ಇಳಿಯುತ್ತದೆ, ಬಿಟ್ಟರೆ ಮತ್ತೆ ಶುರು. ಅಂಥ ಕಡೆ ಬ್ಯಾಟರಿ ಹಾಕಿದ ಎಸ್‌ಡಿ-1ಗಿಂತ ನೆಮ್ಮದಿ ಇನ್ನೊಂದಿಲ್ಲ. ಇನ್‌ಪುಟ್ ಕೇಬಲ್ ಚುಚ್ಚಿಟ್ಟಿದ್ದರೆ ಪೆಡಲ್ ಆಫ್ ಇದ್ದರೂ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ, ಊಟಕ್ಕೆ ಹೋಗುವಾಗ ಕಿತ್ತಿಡಿ.

ಕ್ಲಾನ್ ಸೆಂಟಾರ್ ಅನ್ನೋ ಅಪರೂಪದ ಓವರ್‌ಡ್ರೈವ್ ಪೆಡಲ್ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಬಿಲ್ ಫಿನೆಗನ್ 1994ರಿಂದ ಮಾಡಿ ಮಾರಿದ್ದು ಸುಮಾರು 8,000, ಈಗ ಒಂದಕ್ಕೆ ಲಕ್ಷಗಳ ಲೆಕ್ಕ. ಆ ದುಡ್ಡಿಗೆ ಒಳ್ಳೆಯ ಟ್ಯೂಬ್ ಆಂಪೇ ಬರುತ್ತದೆ, ಅದನ್ನು ತಗೊಳ್ಳಿ. ನಮ್ಮ ಮುಂಬೈಯಲ್ಲೇ ಅನಿಮಲ್ ಫ್ಯಾಕ್ಟರಿ ಆಂಪ್ಲಿಫಿಕೇಶನ್ ಅನ್ನೋರು ಪೆಡಲ್ ಮಾಡುತ್ತಾರೆ, ಹೊರದೇಶದವರೂ ಕೊಳ್ಳುತ್ತಾರೆ. ಅವರದ್ದನ್ನು ನಾನಿನ್ನೂ ಮೇಳದ ಜೊತೆ ನುಡಿಸಿಲ್ಲ, ಹಾಗಾಗಿ ಈ ಹೋಲಿಕೆಗೆ ಸೇರಿಸಿಲ್ಲ.

ಒಂದೇ ಒಂದು ಕೊಳ್ಳೋದಾದರೆ ಎಸ್‌ಡಿ-1. ಆರ್ಕೆಸ್ಟ್ರಾದಲ್ಲಿ ಸೋಲೋ ಜಾಸ್ತಿ ಇದ್ದು ಕೈಯಲ್ಲಿ ದುಡ್ಡೂ ಇದ್ದರೆ ಟಿಎಸ್9, ಆ ತಿಳಿ ಎಸ್‌ಡಿ-1ರಲ್ಲಿ ಇಲ್ಲ. ಮೂವರ ಬ್ಯಾಂಡಿಗೆ ರ‍್ಯಾಟ್. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಇವು ಗಟ್ಟಿಮುಟ್ಟು. ಆದರೆ ಇಲ್ಲಿನ ಮಳೆಗಾಲ ಕಂಡ ಪೆಡಲ್ ಆದರೆ ಆಂಪಿಗೆ ಹಾಕಿ ಪ್ರತಿ ನಾಬನ್ನೂ ಆ ತುದಿಯಿಂದ ಈ ತುದಿಗೆ ತಿರುಗಿಸಿ ಕೇಳಿ. ಕರಕರ ಅಂದರೆ ಒಳಗೆ ತೇವ, ಧೂಳು ಸೇರಿದೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅದನ್ನು ಮಾರುವವರಿಗೆ ಹೇಳಬೇಕಾಗಿಲ್ಲ, ಸದ್ದು ಕೇಳಿಸಿ ಬೆಲೆ ಇಳಿಸಿ.