ಬೇಲಿ ಕಂಬ ನೆಡುವ ಮುಂಚೆ ಬಾಂದು ಕಲ್ಲು ಹುಡುಕಿ

ಜಾಗ ತನ್ನದೇ, ಬೇಲಿ ಹಾಕಿದ್ದೂ ತಾನೇ, ಸರ್ವೆಯೂ ತನ್ನ ಪರವಾಗಿಯೇ ಬಂತು. ಆದರೂ ಕೊನೆಗೆ ಠಾಣೆಯ ಬೆಂಚಿನ ಮೇಲೆ ಕೂತದ್ದು ಜಾಗದ ಮಾಲೀಕನೇ. ತಾಲ್ಲೂಕು ಕೋರ್ಟುಗಳಲ್ಲಿ ಬೇಲಿ ಕೇಸುಗಳಿಗೆ ಬರವಿಲ್ಲ. ಆದರೆ ಮಾಡಬಾರದ ತಪ್ಪುಗಳೆಲ್ಲ ಸಾಲಾಗಿ ಸಿಗುವುದರಿಂದ ಇದೊಂದನ್ನು ಬಿಡಿಸಿ ಹೇಳಬೇಕು.

ಹಿಡುವಳಿ ಸುಮಾರು ಮೂವತ್ತೆಂಟೂವರೆ ಗುಂಟೆ. ಪೂರ್ವದಿಂದ ಪಶ್ಚಿಮಕ್ಕೆ 200 ಅಡಿ, ದಕ್ಷಿಣೋತ್ತರ 210 ಅಡಿ, ಪಶ್ಚಿಮದ ಕಡೆಗೆ ಜೋರು ಇಳಿಜಾರು. ಪೂರ್ವದ ಬಾಂದು ಕಲ್ಲುಗಳು, ಅಂದರೆ ಸರ್ವೆಯಲ್ಲಿ ಗಡಿ ಗುರುತಿಗೆ ನೆಟ್ಟ ಕಲ್ಲುಗಳು, ಇದ್ದವು, ಪಶ್ಚಿಮದ್ದು ಇರಲಿಲ್ಲ. ಅದರಲ್ಲೊಂದು ಬೋರ್‌ವೆಲ್ ಪಕ್ಕ ಬಟ್ಟೆ ಒಗೆಯುವ ಕಲ್ಲಾಗಿತ್ತು. ಹಳ್ಳಿಗಳಲ್ಲಿ ಇದು ಹೊಸದೇನಲ್ಲ. ಮಾಲೀಕ ಪೂರ್ವದ ಕಲ್ಲಿನಿಂದ ಟೇಪು ಎಳೆಸಿ, 200 ಅಡಿ ಮುಟ್ಟಿದಲ್ಲಿ ಗೂಟ ಹೊಡೆಸಿದ. ಹತ್ತಡಿಗೊಂದರಂತೆ 22 ಕಲ್ಲುಕಂಬ, ಐದು ಎಳೆ ಮುಳ್ಳುತಂತಿ, ಎರಡು ದಿನದಲ್ಲಿ ಕೆಲಸ ಮುಗಿಯಿತು. ಪಕ್ಕದವನು ಬಂದು ನೋಡಿ, ಏನೂ ಅನ್ನದೆ ಹೋದ. ಬೇಲಿ ಹಾಕುವಾಗ ನೆರೆಯವನು ತಕರಾರು ಮಾಡಲಿಲ್ಲ ಎಂದರೆ ಒಮ್ಮೆ ಅನುಮಾನ ಪಡುವುದು ಒಳ್ಳೆಯದು.

ತಪ್ಪು ಟೇಪಿನದಲ್ಲ, ಇಳಿಜಾರಿನದು. ಸರ್ವೆಯ ಅಳತೆ ಯಾವತ್ತೂ ಮಟ್ಟದ ಅಳತೆ. ನೆಲ ಐದಡಿಗೆ ಒಂದಡಿ ಇಳಿಯುತ್ತಿದ್ದರೆ, ನೆಲಕ್ಕೆ ಅಂಟಿಸಿ ಎಳೆದ 200 ಅಡಿ ಟೇಪು ಮಟ್ಟದಲ್ಲಿ 196 ಅಡಿ ಮಾತ್ರ ಹೋಗಿರುತ್ತದೆ. ಬೇಲಿ ನಾಲ್ಕಡಿ ಒಳಗೆ ಬಿತ್ತು. 210 ಅಡಿ ಉದ್ದಕ್ಕೆ ಲೆಕ್ಕ ಹಾಕಿದರೆ 840 ಚದರಡಿ, ಅಂದರೆ ಮುಕ್ಕಾಲು ಗುಂಟೆಗೂ ತುಸು ಹೆಚ್ಚು. ಇಳಿಜಾರಿನಲ್ಲಿ ಅಳೆಯಲೇಬೇಕಾದರೆ ಹತ್ತು ಹತ್ತಡಿಯ ತುಂಡು ಮಾಡಿ, ಟೇಪನ್ನು ಮಟ್ಟವಾಗಿ ಬಿಗಿದು ಹಿಡಿದು, ತೂಗುಗುಂಡು ಬಿಟ್ಟು ಮೆಟ್ಟಿಲಿಳಿದ ಹಾಗೆ ಇಳಿಯಬೇಕು. ಹಾಗೆ ಅಳೆದರೂ ಅದು ಅಂದಾಜಿಗೆ ಮಾತ್ರ.

ಹಳೆ ಟಿಪ್ಪಣಿ, ಅಂದರೆ ಸರ್ವೆಯ ಅಳತೆ ಬರೆದಿಟ್ಟ ದಾಖಲೆ, ಓದುವಲ್ಲೂ ಎಡವುತ್ತಾರೆ. ಹಳೇ ಮೈಸೂರು, ಮುಂಬೈ ಕರ್ನಾಟಕದ ಟಿಪ್ಪಣಿಗಳಲ್ಲಿ ಅಳತೆ ಇರುವುದು ಚೈನು–ಆಣೆಯಲ್ಲಿ. ಚೈನು 33 ಅಡಿ, ಅದಕ್ಕೆ 16 ಆಣೆ. ಒಂದು ಆಣೆ ಎಂದರೆ ಎರಡಡಿ ಮುಕ್ಕಾಲು ಇಂಚು. 6 ಚೈನು 1 ಆಣೆ ಎಂದರೆ 200 ಅಡಿ. ಇದನ್ನು 66 ಅಡಿಯ ಚೈನು ಎಂದುಕೊಂಡವರ ಲೆಕ್ಕ ನೇರ ಇಮ್ಮಡಿ. ದಕ್ಷಿಣ ಕನ್ನಡ, ಉಡುಪಿಯ ಕಡೆ ಸೆಂಟ್ಸ್ ಲೆಕ್ಕ, ಅಲ್ಲಿನ ದಾಖಲೆಯೇ ಬೇರೆ. ಇನ್ನು ಗ್ರಾಮನಕ್ಷೆಯ ಮೇಲೆ ಸ್ಕೇಲ್ ಇಟ್ಟು ಜಗಳಕ್ಕೆ ನಿಲ್ಲುವವರಿದ್ದಾರೆ. 1:7920 ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 26 ಅಡಿ, ಗೆರೆಯ ದಪ್ಪವೇ ಏಳೆಂಟು ಅಡಿ ನುಂಗುತ್ತದೆ. ದಿಶಾಂಕ್ ಆ್ಯಪ್ ಸರ್ವೆ ನಂಬರ್ ಯಾವುದೆಂದು ತಿಳಿಯಲು ಚೆನ್ನಾಗಿದೆ. ಆದರೆ ಫೋನಿನ ಜಿಪಿಎಸ್ ಬಯಲಿನಲ್ಲೇ ಹಲವು ಮೀಟರ್ ಆಚೀಚೆ ತೋರಿಸುತ್ತದೆ, ತೋಟದ ನೆರಳಲ್ಲಿ ಇನ್ನೂ ಹೆಚ್ಚು. ನಾಲ್ಕಡಿಯ ವ್ಯಾಜ್ಯವನ್ನು ಅದು ತೀರ್ಮಾನಿಸಲಾರದು.

ಮುಂದಿನ ಕಥೆ ಊಹಿಸಬಹುದು. ಪಕ್ಕದವನು ಬೇಲಿಯವರೆಗೂ ಉತ್ತ, ಅಂಚಿಗೆ ಒಂಬತ್ತಡಿಗೊಂದರಂತೆ 23 ಅಡಿಕೆ ಸಸಿ ಇಟ್ಟ. ನಾಲ್ಕು ವರ್ಷ ಕಳೆದ ಮೇಲೆ ಮಾಲೀಕನಿಗೆ ಯಾವುದೋ ಕಾರಣಕ್ಕೆ ಹದ್ದುಬಸ್ತು, ಅಂದರೆ ಸರ್ವೆಯರ್ ಬಂದು ಗಡಿ ಅಳೆದು ಗುರುತಿಸುವುದು, ಬೇಕಾಯಿತು. ಸರ್ವೆಯರ್ ಬಂದು, ಬೇಲಿಯಿಂದ ನಾಲ್ಕಡಿ ಆಚೆ, ಅಡಿಕೆ ಸಾಲನ್ನೂ ದಾಟಿ ಕಲ್ಲು ತೋರಿಸಿಕೊಟ್ಟರು. ಮರುದಿನ ಬೆಳಿಗ್ಗೆಯೇ ಮಾಲೀಕ ಆಳು ಕರೆಸಿ 23 ಸಸಿಯನ್ನೂ ಕೀಳಿಸಿದ, ಕಂಬಗಳನ್ನು ಹೊಸ ಗೆರೆಗೆ ಸಾಗಿಸತೊಡಗಿದ. ಸಂಜೆಯೊಳಗೆ ಅವನ ಮೇಲೆ ದೂರು ಬಿತ್ತು, ವಾರದೊಳಗೆ ಕೋರ್ಟಿನಿಂದ ಯಥಾಸ್ಥಿತಿ ಆದೇಶ ಬಂತು. ಅರ್ಧ ಸಾಗಿಸಿದ ಬೇಲಿ ಅರ್ಧಕ್ಕೇ ನಿಂತಿತು.

ಇಲ್ಲೇ ಬಹಳ ಜನ ಮೋಸ ಹೋಗುವುದು. ಹದ್ದುಬಸ್ತು ಗಡಿ ಎಲ್ಲಿದೆ ಎಂದು ಹೇಳುತ್ತದೆ, ಅಷ್ಟೇ. ಜಾಗವನ್ನು ಬಿಡಿಸಿ ಕೈಗೆ ಕೊಡುವುದಿಲ್ಲ. ಸರ್ವೆಯರ್‌ಗೆ ಆ ಅಧಿಕಾರವಿಲ್ಲ, ಪೊಲೀಸರಿಗೂ ಇಲ್ಲ. ಒಬ್ಬ ವರ್ಷಗಟ್ಟಲೆ ಸಾಗುವಳಿ ಮಾಡಿಕೊಂಡು ಕೂತಿದ್ದರೆ, ಜಾಗ ಅವನದಲ್ಲದಿದ್ದರೂ ಕಾನೂನಿನ ದಾರಿಯಲ್ಲೇ ಎಬ್ಬಿಸಬೇಕು. ಬಲವಂತವಾಗಿ ಎಬ್ಬಿಸಿದರೆ ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 6ನೇ ಕಲಂ ಪ್ರಕಾರ ಅವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಪಡೆಯಬಹುದು. ಆ ದಾವೆಯಲ್ಲಿ ಜಾಗ ಯಾರದು ಎಂಬ ಪ್ರಶ್ನೆಯನ್ನೇ ಕೋರ್ಟು ಕೇಳುವುದಿಲ್ಲ. ಯಾರ ಅನುಭವದಲ್ಲಿತ್ತು, ಯಾರು ಕಿತ್ತರು ಎಂಬುದಷ್ಟೇ ಮುಖ್ಯ. ನಾಲ್ಕು ವರ್ಷ ನಿಂತ ಬೇಲಿ ಯಾರ ಪರ ಸಾಕ್ಷಿ ಹೇಳುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹಾಗಾದರೆ ಬೇಲಿಗೆ ಮುಂಚೆ ಏನು ಮಾಡಬೇಕು? ಮೊದಲು ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂ ನೋಡಿ. ಒಂದೇ ನಂಬರಿನಲ್ಲಿ ಮೂರ್ನಾಲ್ಕು ಹೆಸರಿದ್ದು ಪೋಡಿ (ಅವರವರ ಪಾಲನ್ನು ಅಳೆದು ಬೇರೆ ಮಾಡುವುದು) ಆಗಿಲ್ಲದಿದ್ದರೆ ಹದ್ದುಬಸ್ತು ಇಡೀ ನಂಬರಿನ ಹೊರಗಡಿಗೆ ಮಾತ್ರ, ಒಳಗಿನ ಗೆರೆಗಲ್ಲ. ಮೊದಲು ಪೋಡಿ, ಆಮೇಲೆ ಹದ್ದುಬಸ್ತು. ಆಕಾರಬಂದ್ (ನಂಬರಿನ ವಿಸ್ತೀರ್ಣ, ಕಂದಾಯ ಬರೆದ ಸರ್ವೆ ದಾಖಲೆ), ಟಿಪ್ಪಣಿ, ಹಿಸ್ಸಾ (ಪಾಲು) ಆಗಿದ್ದರೆ ಹಿಸ್ಸಾ ಟಿಪ್ಪಣಿ, ಭಾಗಶಃ ಖರೀದಿಯಾಗಿದ್ದರೆ ಆ ಭಾಗವನ್ನು ಅಳೆದು ಮಾಡಿದ 11ಇ ನಕ್ಷೆ, ಇವುಗಳ ದೃಢೀಕೃತ ನಕಲು ತೆಗೆಸಿ. ಪಹಣಿಯ ವಿಸ್ತೀರ್ಣಕ್ಕೂ ಆಕಾರಬಂದಿಗೂ ತಾಳೆಯಾಗದಿದ್ದರೆ ಅದನ್ನು ಮೊದಲು ಸರಿಪಡಿಸಿ. ಖರಾಬನ್ನು, ಅಂದರೆ ಸಾಗುವಳಿಗೆ ಸೇರದ ನೆಲವನ್ನು, ಕಳೆದು ಲೆಕ್ಕ ಹಾಕಿ. ಬಿ ಖರಾಬು ದಾರಿ, ಹಳ್ಳಗಳ ಪಾಲು, ಅದಕ್ಕೆ ಬೇಲಿ ಹಾಕಿದರೆ ನೆರೆಯವನಿಗಿಂತ ಮೊದಲು ತಹಶೀಲ್ದಾರರ ನೋಟಿಸು ಬರುತ್ತದೆ. ಕ್ರಯಪತ್ರದ ಚಕ್ಕುಬಂದಿಯನ್ನೂ (ನಾಲ್ಕು ದಿಕ್ಕಿನ ಗಡಿಯ ವಿವರ) ಓದಿ. ವಿಸ್ತೀರ್ಣ ಒಂದು ಹೇಳಿ ಚಕ್ಕುಬಂದಿ ಇನ್ನೊಂದು ಹೇಳಿದರೆ ಕೋರ್ಟುಗಳು ಸಾಮಾನ್ಯವಾಗಿ ಚಕ್ಕುಬಂದಿಗೇ ಮಣೆ ಹಾಕುತ್ತವೆ.

ಅಳತೆಯ ದಿನ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಜಾರಿಯಾಗಿದೆಯೇ ಎಂದು ಕಡತದಲ್ಲಿ ಕಣ್ಣಾರೆ ನೋಡಿ. ನೋಟಿಸು ಮುಟ್ಟಿಲ್ಲದಿದ್ದರೆ ಎಷ್ಟು ಕರಾರುವಾಕ್ಕಾದ ಸರ್ವೆಯಾದರೂ ಮೇಲ್ಮನವಿಯಲ್ಲಿ ಬಿದ್ದುಹೋಗಬಹುದು. ಪಕ್ಕದವನು ಸಹಿಗೆ ಒಪ್ಪದಿದ್ದರೆ ಒಪ್ಪಲಿಲ್ಲ ಎಂದೇ ಮಹಜರಿನಲ್ಲಿ ಬರೆಸಿ, ಪಂಚರ ಸಹಿ ಹಾಕಿಸಿ. ಸರ್ವೆಯರ್ ಯಾವ ಕಲ್ಲಿನಿಂದ ಅಳತೆ ಶುರು ಮಾಡಿದರು ಎಂಬುದು ನಕ್ಷೆಯಲ್ಲಿ ಕಾಣಬೇಕು. ಮೂರು ನಂಬರು ಕೂಡುವ ಕಡೆಯ ಹಳೆ ಕಲ್ಲು ಸಿಕ್ಕರೆ ಅದಕ್ಕಿಂತ ಗಟ್ಟಿ ಆಧಾರ ಬೇರಿಲ್ಲ. ಲಂಟಾನ ಪೊದೆ ಸವರಿ, ಬುಡ ಒಂದಡಿ ಕೆದಕಿ ನೋಡಿ. ಎಷ್ಟೋ ಸಲ ತಲೆ ಮುರಿದು ಬುಡ ಅಲ್ಲೇ ಇರುತ್ತದೆ.

ಕಲ್ಲು ನೆಟ್ಟ ಮೇಲೂ ಕಂಬದ ಗುಂಡಿಯಲ್ಲಿ ಎಡವಬಹುದು. ಒಂದೂವರೆ ಅಡಿ ಅಗಲದ ಗುಂಡಿಯ ನಡುಮಧ್ಯ ಗೆರೆಯ ಮೇಲೆ ಬಂದರೆ 9 ಇಂಚು ಪಕ್ಕದವನ ನೆಲ ಅಗೆದಂತೆ. ಗುಂಡಿ ಪೂರ್ತಿ ನಿಮ್ಮ ಕಡೆ ಇರಲಿ, ಕಂಬದ ಹೊರಮೈ ಮಾತ್ರ ಗೆರೆಗೆ ತಾಗಲಿ. ಜಗಳ ಬೇಡವೆಂದು ಎರಡಡಿ ಒಳಗೆ ಸರಿದು ಬೇಲಿ ಹಾಕುವ ಧಾರಾಳತನ ಬೇಡ, ಆ ಎರಡಡಿಯಲ್ಲಿ ಪಕ್ಕದವನ ಬೇಸಾಯ ಶುರುವಾಗುತ್ತದೆ. ನೆರೆಯವನು ತಡೆಯಾಜ್ಞೆ ತರುವ ಸುಳಿವಿದ್ದರೆ ಕೆಲಸ ಶುರು ಮಾಡುವ ಮುಂಚೆ ಕೇವಿಯಟ್ ಹಾಕಿಸಿ. 90 ದಿನ ನಡೆಯುತ್ತದೆ; ಅಷ್ಟರೊಳಗೆ ನಿಮ್ಮ ಮಾತು ಕೇಳದೆ ಆದೇಶವಾಗುವುದು ತಪ್ಪುತ್ತದೆ.

ಒತ್ತುವರಿ ಈಗಾಗಲೇ ಆಗಿದ್ದರೆ ಬರೀ ತಡೆಯಾಜ್ಞೆಯ ದಾವೆ ಹಾಕಿ ವರ್ಷ ಕಳೆಯಬೇಡಿ. ಹಕ್ಕೇ ವಿವಾದದಲ್ಲಿದ್ದರೆ ಅಷ್ಟು ಸಾಲದು ಎಂದು ಸುಪ್ರೀಂ ಕೋರ್ಟ್ 2008ರ ಅನಾತುಲ ಸುಧಾಕರ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಹಕ್ಕು ಘೋಷಣೆ, ಸ್ವಾಧೀನ, ಶಾಶ್ವತ ತಡೆ, ಮೂರನ್ನೂ ಒಟ್ಟಿಗೆ ಕೇಳಬೇಕು. ನೆರೆಯವನ ಸ್ವಾಧೀನ ನಿಮ್ಮ ಹಕ್ಕಿಗೆ ವಿರುದ್ಧವಾದಂದಿನಿಂದ 12 ವರ್ಷದೊಳಗೆ ದಾವೆ ಬೀಳಬೇಕು. ಹದ್ದುಬಸ್ತು ಅರ್ಜಿ ಕಚೇರಿಯಲ್ಲಿ ಕೂತಿದೆ ಎಂದು ಆ ಗಡಿಯಾರ ನಿಲ್ಲುವುದಿಲ್ಲ. ಸ್ಥಳಕ್ಕೆ ಬಂದು ಅಳತೆ ಮಾಡಿಸಿ ವರದಿ ಕೊಡುವ ಕೋರ್ಟ್ ಕಮಿಷನರ್ ನೇಮಕಕ್ಕೆ ಅರ್ಜಿ ಹಾಕುವಾಗ ಎರಡೂ ನಂಬರುಗಳನ್ನು ಅಳೆಯಬೇಕೆಂದು ಬರೆಸಿ. ನಿಮ್ಮದನ್ನಷ್ಟೇ ಅಳೆದ ವರದಿಯಲ್ಲಿ ಪಕ್ಕದವನ ಜಮೀನು ಎಷ್ಟು ಹೆಚ್ಚಿದೆ ಎಂಬುದೇ ಬರುವುದಿಲ್ಲ. ರಾಜಿಗೆ ಮನಸ್ಸಿದ್ದರೆ ಸ್ಟಾಂಪ್ ಪೇಪರಿನ ಒಪ್ಪಂದಕ್ಕೆ ನಿಲ್ಲದೆ ಲೋಕ್ ಅದಾಲತ್‌ಗೆ ಒಯ್ಯಿರಿ. ಅಲ್ಲಿನ ತೀರ್ಮಾನಕ್ಕೆ ಅಪೀಲಿಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ.

ಮೇಲಿನ ಪ್ರಕರಣದಲ್ಲಿ ಈಗ ಕಮಿಷನರ್ ಬರುವುದಕ್ಕೆ ಕಾಯುತ್ತಿದ್ದಾರೆ. ಬೋರ್‌ವೆಲ್ ಪಕ್ಕದ ಆ ಬಾಂದು ಕಲ್ಲನ್ನು ಯಾರೋ ಉಜ್ಜಿ ತೊಳೆದು, ಬದುವಿನ ಮೇಲೆ ತಂದಿಟ್ಟಿದ್ದಾರೆ. ಅದು ಎಲ್ಲಿ ನಿಂತಿತ್ತು ಎಂದು ಹೇಳುವವರು ಮಾತ್ರ ಯಾರೂ ಇಲ್ಲ.