ಫೆರಿಕ್ ಕ್ಲೋರೈಡ್ ಸಿದ್ಧ ದ್ರಾವಣ: ಬಳಕೆಗೆ ಒಳ್ಳೆಯದು, ವಿಲೇವಾರಿಯ ಸರಿಯಾದ ವಿವರ ಮಾತ್ರ ಬಾಟಲಿಯ ಮೇಲಿಲ್ಲ

ಮನೆಯಲ್ಲೇ ಸರ್ಕ್ಯೂಟ್ ಬೋರ್ಡ್ ಎಚ್ಚಿಂಗ್ (ಬೋರ್ಡಿನ ಮೇಲಿನ ಬೇಡದ ತಾಮ್ರವನ್ನು ಕರಗಿಸಿ ತೆಗೆಯುವ ಕೆಲಸ) ಮಾಡಲು ಅರ್ಧ ಲೀಟರಿನ, ಶೇಕಡ 40ರ ಫೆರಿಕ್ ಕ್ಲೋರೈಡ್ ದ್ರಾವಣವನ್ನು ನಾನು ಒಂದು ವರ್ಷದಿಂದ ಬಳಸುತ್ತಿದ್ದೇನೆ. ತಾಮ್ರವನ್ನು ಎಷ್ಟು ಬೇಗ ಕರಗಿಸುತ್ತದೆ ಎಂಬುದನ್ನಷ್ಟೇ ನೋಡಿ ಇಂಥ ವಸ್ತುವನ್ನು ಅಳೆಯುವುದು ಸಾಲದು. ಒಂದು ಬಾಟಲಿ ಎಷ್ಟು ಬೋರ್ಡುಗಳಿಗೆ ಬರುತ್ತದೆ, ಸತ್ವ ಮುಗಿದ ಮೇಲೆ ಅದನ್ನು ಏನು ಮಾಡಬೇಕು ಎಂಬುದನ್ನೂ ನೋಡಬೇಕು.

ಪುಡಿಗಿಂತ ಸಿದ್ಧ ದ್ರಾವಣವೇ ಮೇಲು. ನೀರಿನಂಶವಿಲ್ಲದ ಫೆರಿಕ್ ಕ್ಲೋರೈಡ್ ಪುಡಿ ನೀರಿಗೆ ಬಿದ್ದೊಡನೆ ವಿಪರೀತ ಬಿಸಿಯಾಗಿ ಆಮ್ಲದ ಘಾಟು ಏಳುತ್ತದೆ. ಸಿದ್ಧ ದ್ರಾವಣದಲ್ಲಿ ಆ ಅಪಾಯವಿಲ್ಲ, ಆದರೂ ಕೈಗವಸು ಮತ್ತು ಕನ್ನಡಕ ಬೇಕೇ ಬೇಕು.

ಮರುಬಳಕೆಯಲ್ಲಿ ಈ ದ್ರಾವಣ ನನಗೆ ನಿಜಕ್ಕೂ ಮೆಚ್ಚುಗೆಯಾಗಿದೆ. 35 ಮೈಕ್ರಾನ್ ದಪ್ಪದ ತಾಮ್ರವಿರುವ, 10 ಸೆಂಟಿಮೀಟರ್ ಚೌಕದ ಬೋರ್ಡಿನಲ್ಲಿ ಸುಮಾರು 3 ಗ್ರಾಂ ತಾಮ್ರವಿರುತ್ತದೆ. ಅರ್ಧದಷ್ಟು ತೆಗೆದರೂ ದ್ರಾವಣಕ್ಕೆ ಸೇರುವುದು ಒಂದೂವರೆ ಗ್ರಾಂ ಮಾತ್ರ. ಮೊದಲ ಬೋರ್ಡು 12 ನಿಮಿಷದಲ್ಲಿ ಮುಗಿದಿತ್ತು, ಹದಿನೆಂಟನೆಯದಕ್ಕೆ 40 ನಿಮಿಷ ಹಿಡಿಯಿತು. ಅಷ್ಟರಲ್ಲಿ ತಾಮ್ರವನ್ನು ಕರಗಿಸುವ ಫೆರಿಕ್ ಕಬ್ಬಿಣ, ಕರಗಿಸಲಾರದ ಫೆರಸ್ ರೂಪಕ್ಕೆ ತಿರುಗುತ್ತಾ, ತಾಮ್ರ ಸೇರುತ್ತಾ, ಜೇನಿನಂತಿದ್ದ ಬಣ್ಣ ಕಪ್ಪು ಹಸಿರಿಗೆ ತಿರುಗಿತ್ತು. ಬಿಸಿನೀರಿನ ತಟ್ಟೆಯಲ್ಲಿ ಬಾಟಲಿಯನ್ನಿಟ್ಟು 40 ಡಿಗ್ರಿಯವರೆಗೆ ಬೆಚ್ಚಗೆ ಮಾಡಿದರೆ ಹಳೆಯ ದ್ರಾವಣವೂ ಚುರುಕಾಗುತ್ತದೆ. ಒಲೆಯ ಮೇಲೆ ಇಡಲೇಬಾರದು.

ಬಳಸಿದ ದ್ರಾವಣವನ್ನು ಹೊಸದರೊಡನೆ ಬೆರೆಸದೆ ಬೇರೆ ಪ್ಲಾಸ್ಟಿಕ್ ಬಾಟಲಿಯಲ್ಲಿಡಬೇಕು. ಒಮ್ಮೆ ಲೋಹದ ಮುಚ್ಚಳದ ಗಾಜಿನ ಜಾಡಿಯಲ್ಲಿ ಇಟ್ಟಿದ್ದೆ. ಕೆಲವೇ ವಾರಗಳಲ್ಲಿ ಮುಚ್ಚಳ ತಿಂದುಹೋಗಿ, ಕಪಾಟಿನ ಹಲಗೆಯ ಮೇಲೆ ಎಷ್ಟು ಉಜ್ಜಿದರೂ ಹೋಗದ ತುಕ್ಕುಬಣ್ಣದ ಉಂಗುರ ಉಳಿಯಿತು.

ಈ ಬಾಟಲಿಯ ದೊಡ್ಡ ಕೊರತೆ ಅದರ ಚೀಟಿಯಲ್ಲಿದೆ. ಕೆಲಸ ಮುಗಿದ ಮೇಲೆ ಧಾರಾಳವಾಗಿ ನೀರು ಬೆರೆಸಿ ಚೆಲ್ಲಬಹುದೆಂಬ ಒಂದೇ ಸಾಲು ಅಲ್ಲಿದೆ, ಅದನ್ನು ನಾನು ಒಪ್ಪಲಾರೆ. ಕುಡಿಯುವ ನೀರಿನಲ್ಲಿ ತಾಮ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ಒಂದು ಬೋರ್ಡಿನ ಒಂದೂವರೆ ಗ್ರಾಂ ತಾಮ್ರವನ್ನು ಆ ಮಟ್ಟಕ್ಕೆ ಇಳಿಸಲು 750 ಲೀಟರ್ ನೀರು ಬೇಕು. ಮೀನು, ಪಾಚಿಗಳಿಗಂತೂ ಅದಕ್ಕಿಂತ ಕಡಿಮೆ ಪ್ರಮಾಣವೂ ವಿಷವೇ. ಹಾಗಾಗಿ ಬೋರ್ಡು ತೊಳೆದ ಮೊದಲ ನೀರನ್ನು ಸಹ ನಾನು ಚೆಲ್ಲದೆ ತೆಗೆದಿಡುತ್ತೇನೆ.

ಸತ್ವ ಮುಗಿದ ದ್ರಾವಣಕ್ಕೆ ನೀರು ಸೇರಿಸಿ, ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಆಮ್ಲ ಶಮನವಾಗಲೆಂದು ವಾಷಿಂಗ್ ಸೋಡಾವನ್ನು ಚಮಚ ಚಮಚವಾಗಿ ಹಾಕಿದೆ. ಪ್ರತಿ ಚಮಚಕ್ಕೂ ನೊರೆ ಭುಸ್ಸೆಂದು ಉಕ್ಕುವುದರಿಂದ ಬಕೆಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇರಬೇಕು. ಆಮ್ಲ-ಕ್ಷಾರದ ಮಟ್ಟ ಹೇಳುವ ಪಿಎಚ್ ಕಾಗದ 8ರಿಂದ 9ರ ನಡುವೆ ತೋರಿಸಿದಾಗ ನಿಲ್ಲಿಸಿದೆ. ಮರುದಿನ ತಳದಲ್ಲಿ ಕಂದು ಹಸಿರಿನ ಗಸಿ ಕೂತಿತ್ತು. ಅದನ್ನು ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಹೆಸರು ಬರೆದ ಡಬ್ಬಿಯಲ್ಲಿ ಅಪಾಯಕಾರಿ ತ್ಯಾಜ್ಯ ಸಂಗ್ರಹಣೆಗೆ ಒಪ್ಪಿಸಿದೆ. ಆಮ್ಲ ಶಮನವಾದ ಮಾತ್ರಕ್ಕೆ ತಾಮ್ರ ಮಾಯವಾಗುವುದಿಲ್ಲ, ಅದು ಗಸಿಯಲ್ಲೇ ಇರುತ್ತದೆ. ಮೇಲಿನ ತಿಳಿನೀರನ್ನೂ ಸ್ಥಳೀಯ ನಿಯಮ ಒಪ್ಪಿದರೆ ಮಾತ್ರ ಬಿಡಬೇಕು. ಬ್ಲೀಚನ್ನು ಈ ದ್ರಾವಣದ ಹತ್ತಿರವೂ ತರಬಾರದು, ಕ್ಲೋರಿನ್ ಅನಿಲ ಹುಟ್ಟುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ಸಲ್ಲದು.

ವಾರಕ್ಕೆರಡು ಬೋರ್ಡು ಮಾಡುವವರು ಗಾಳಿಯಿಂದಲೇ ಮರುಚೇತನ ಪಡೆಯುವ ಇನ್ನೊಂದು ಎಚ್ಚಿಂಗ್ ದ್ರಾವಣ, ಕ್ಯುಪ್ರಿಕ್ ಕ್ಲೋರೈಡ್ ಕಡೆ ನೋಡಬಹುದು, ಆದರೆ ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಭಾಯಿಸುವ ಅಭ್ಯಾಸವೂ ಗಾಳಿಯಾಡುವ ಜಾಗವೂ ಬೇಕು. ಅಪರೂಪಕ್ಕೆ ಮಾಡುವ ನನಗೆ ಫೆರಿಕ್ ಕ್ಲೋರೈಡೇ ಸಾಕು. ಎರಡನೆಯ ಬಾಟಲಿ ತಂದಿದ್ದೇನೆ. ಅದರ ಚೀಟಿಯ ಆ ಒಂದು ಸಾಲನ್ನು ಹೊಡೆದುಹಾಕಿ, ತೆರೆದ ದಿನಾಂಕವನ್ನೂ ಬೋರ್ಡುಗಳ ಎಣಿಕೆಯನ್ನೂ ಅಳಿಸದ ಶಾಯಿಯಲ್ಲಿ ಬರೆಯುತ್ತಿದ್ದೇನೆ.