ರೇಡ್ 5 ಅಂತ ದುಡ್ಡು ತಗೊಂಡು ರೇಡ್ 0 ಕೊಟ್ಟ: ಸೆಕೆಂಡ್‌ಹ್ಯಾಂಡ್ ಸರ್ವರ್ ಇಟ್ಟುಕೊಂಡವರು ಇವತ್ತೇ ನೋಡಿಕೊಳ್ಳಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಪ್ರೆಸ್ಸು, ಫೋಟೋ ಸ್ಟುಡಿಯೋ, ಲ್ಯಾಬು, ಅಡತಿ ಅಂಗಡಿ ನಡೆಸುತ್ತಾ ರಿಫರ್ಬಿಷ್ಡ್ ಸರ್ವರ್ ಹಾಕಿಸಿಕೊಂಡವರು ದಯವಿಟ್ಟು ಪೂರ್ತಿ ಓದಿ. ವೆಂಡರ್ ಹೆಸರು ಬರೆಯುತ್ತಿಲ್ಲ. ನೋಟಿಸ್ ಹೋಗಿದೆ, ಹೆಸರು ಹಾಕಬೇಡಿ ಅಂತ ವಕೀಲರು ಹೇಳಿದ್ದಾರೆ. ಹುಬ್ಬಳ್ಳಿಯವನು, ಮಾತು ಬೆಲ್ಲ. ಅಷ್ಟು ಸಾಕು.

ನಾನು ಗದಗಿನ ಒಂದು ಪ್ರೆಸ್ಸಿನಲ್ಲಿ ಡಿಸೈನ್ ಮಾಡ್ತೀನಿ, ಅಲ್ಲಿನ ಕಂಪ್ಯೂಟರುಗಳನ್ನೂ ನೋಡಿಕೊಳ್ತೀನಿ. ಗದಗಿನಲ್ಲಿ ಪ್ರೆಸ್ಸು ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ದಸರಾ ಮುಗಿದರೆ ಕ್ಯಾಲೆಂಡರ್, ಅದರ ಹಿಂದೆ ಡೈರಿ, ಅದರ ಹಿಂದೆ ಲಗ್ನಪತ್ರಿಕೆ. ಹಳೇ ಫೈಲ್ ಕೈಯಲ್ಲಿದ್ದರೆ ಅರ್ಧ ದಿನದ ಕೆಲಸ. ಇಲ್ಲದಿದ್ದರೆ ಮೊದಲಿಂದ ಕೂತು ಮಾಡಬೇಕು. ಅದಕ್ಕೇ ಸಾವಕಾರ್ರು ಸರ್ವರ್ ತರಿಸಿದ್ದು. ‘ಒಂದು ಡಿಸ್ಕ್ ಹೋದರೂ ಫೈಲ್ ಹೋಗಬಾರದು’ ಅನ್ನೋದು ನಮ್ಮ ಒಂದೇ ಒಂದು ಬೇಡಿಕೆ. ಹಲವು ಡಿಸ್ಕನ್ನು ಒಂದಾಗಿ ಕೂಡಿಸಿ ಬಳಸೋದಕ್ಕೆ ರೇಡ್ ಅಂತಾರೆ. ಅದರಲ್ಲಿ ರೇಡ್ 5 ಅಂದರೆ ಒಂದು ಡಿಸ್ಕ್ ಹೋದರೂ ಫೈಲ್ ಉಳಿಯೋ ಬಗೆ.

ಕೊಟೇಶನ್ನಿನಲ್ಲಿ ಹೀಗಿತ್ತು: ಎಚ್‌ಪಿ ಸರ್ವರ್, ಸ್ಮಾರ್ಟ್ ಅರೇ ಕಂಟ್ರೋಲರ್ (ಡಿಸ್ಕುಗಳನ್ನು ಕೂಡಿಸಿ ನಡೆಸೋ ಭಾಗ), 1 ಟಿಬಿ ಸಾಸ್ (ಸರ್ವರಿಗೆ ಹಾಕೋ ಒಂದು ಬಗೆ) ಡಿಸ್ಕ್ 5, ರೇಡ್ 5, ಬಳಸಲು ಸಿಗುವ ಜಾಗ 3.6 ಟಿಬಿ. ಸರಿಯಾದ ಲೆಕ್ಕವೇ. 1 ಟಿಬಿ ಡಿಸ್ಕನ್ನು ಕಂಪ್ಯೂಟರ್ ಸುಮಾರು 0.91 ಅಂತ ತೋರಿಸುತ್ತೆ. ಐದರಲ್ಲಿ ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ (ಸತ್ತ ಡಿಸ್ಕಿನ ಡೇಟಾವನ್ನು ಮತ್ತೆ ಲೆಕ್ಕ ಹಾಕಿ ತೆಗೆಯೋ ಮಾಹಿತಿಗೆ) ಹೋದರೆ ಉಳಿಯೋದು ನಾಲ್ಕರ ಜಾಗ, ಅಂದರೆ 3.6. ಸರ್ವರ್ ಬಂತು, ವೆಂಡರ್ ಕಡೆಯ ಹುಡುಗ ಜೋಡಿಸಿದ, ಶೇರ್ (ಎಲ್ಲ ಕಂಪ್ಯೂಟರಿನಿಂದಲೂ ತೆರೆಯೋ ಸರ್ವರಿನ ಫೋಲ್ಡರ್) ಕಾಣಿಸ್ತು, ಸೈಜ್ 3.6 ಟಿಬಿ. ಕೊಟೇಶನ್ನಿಗೂ ಸ್ಕ್ರೀನಿಗೂ ತಾಳೆ ಆಯ್ತು. ಇದನ್ನು ನೆನಪಿಟ್ಟುಕೊಳ್ಳಿ, ಮೋಸ ಇರೋದೇ ಇಲ್ಲಿ.

ಮುಂದಿನಿಂದ ನೋಡಿದರೆ ಐದು ಟ್ರೇ. ನಾಲ್ಕರಲ್ಲಿ ಹಸಿರು ದೀಪ, ಐದನೆಯದು ಕತ್ತಲೆ. ಯಾಕೆ ಅಂತ ವೆಂಡರನ್ನು ಕೇಳಿದೆ.

“ಅದು ಸ್ಪೇರ್ ರೀ ಸರ. ಸ್ಪೇರಿಗೆ ಲೈಟ್ ಹತ್ತಂಗಿಲ್ಲ. ಒಂದ್ ಹೋತಂದ್ರ ತಾನ ಎದ್ದ ಕುಂದರ್ತದ.”

ಸುಳ್ಳು ಹೇಳೋದಕ್ಕೂ ಓದಿಕೊಂಡು ಬಂದಿದ್ದ. ಆ ಕಾಲದ ಎಚ್‌ಪಿ ಡಿಸ್ಕುಗಳಲ್ಲಿ ಸ್ಪೇರ್ ಆಗಿ ಕೂತಿರೋದರ ದೀಪ ನಿಜಕ್ಕೂ ಆರಿರಬಹುದು. ಗೂಗಲ್ ಮಾಡಿದರೂ ಅವನ ಮಾತೇ ನಿಜ ಅನಿಸುತ್ತೆ. ಆದರೆ ಐದರಲ್ಲಿ ಒಂದು ಸ್ಪೇರ್ ಆದರೆ ರೇಡ್ 5ಕ್ಕೆ ಉಳಿಯೋದು ನಾಲ್ಕೇ ಡಿಸ್ಕ್. ಆಗ ಸಿಗೋ ಜಾಗ 2.7 ಟಿಬಿ, 3.6 ಅಲ್ಲ. ಸ್ಪೇರೂ ಇರಬೇಕು, ರೇಡ್ 5ಊ ಇರಬೇಕು, 3.6ಊ ಸಿಗಬೇಕು ಅಂದರೆ ಆರು ಡಿಸ್ಕ್ ಬೇಕು. ನಾಲ್ಕು ಡಿಸ್ಕಿನಲ್ಲಿ 3.6 ಬರೋದು ಒಂದೇ ದಾರಿಯಲ್ಲಿ, ರೇಡ್ 0. ಅಂದರೆ ರಕ್ಷಣೆ ಅನ್ನೋದು ಏನೂ ಇಲ್ಲ. ಫೈಲುಗಳನ್ನು ಚೂರು ಮಾಡಿ ನಾಲ್ಕೂ ಡಿಸ್ಕಿಗೆ ಹಂಚಿರುತ್ತೆ. ಯಾವುದೇ ಒಂದು ಸತ್ತರೂ ನಾಲ್ಕೂ ಸತ್ತ ಹಾಗೆ.

ಕಂಟ್ರೋಲರ್ ಒಳಗೆ ಏನಿದೆ ಅಂತ ನೋಡೋ ಟೂಲನ್ನು ಅವನು ಹಾಕಿಯೇ ಇರಲಿಲ್ಲ. ಸರ್ವರಿನ ಪೂರ್ತಿ ಅಧಿಕಾರ ಕೊಡೋ ರೂಟ್ ಪಾಸ್‌ವರ್ಡ್ ಕೇಳಿದರೆ, “ನಮ್ಮ ಕಡೆ ಇರ್ಲಿ ಬಿಡ್ರಿ ಸರ, ಎಎಂಸಿ ನಮ್ದ ಅಲ್ಲೇನ್ರಿ? ನಿಮಗ ಶೇರ್ ಕಾಣ್ತೈತಿ, ಸಾಕಲ್ಲ.” ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ದುಡ್ಡು ಮಾತ್ರ ಮುಂಗಡ.

ಕ್ಯಾಲೆಂಡರ್ ಸೀಸನ್ ನಡುವೆ ಒಂದು ಸಂಜೆ ಶೇರ್ ಮಾಯ. ಮುಂಡರಗಿಯ ಬಟ್ಟೆ ಅಂಗಡಿಯವರು ಪ್ರೂಫ್ ನೋಡೋಕೆ ಬಂದು ನನ್ನ ಪಕ್ಕದಲ್ಲೇ ಕೂತಿದ್ದರು. ಹೋಗಿ ನೋಡಿದರೆ ಮೂರನೇ ಟ್ರೇಯಲ್ಲಿ ಕೇಸರಿ ದೀಪ. ನನಗೇನೂ ಗಾಬರಿ ಆಗಲಿಲ್ಲ. ರೇಡ್ 5 ಇದೆ, ಸ್ಪೇರ್ ಇದೆ, ಇದಕ್ಕೇ ತಾನೇ ಇಷ್ಟು ಖರ್ಚು ಮಾಡಿದ್ದು ಅಂತ ಸಾವಕಾರ್ರಿಗೂ ಅದನ್ನೇ ಹೇಳಿದೆ, ಗಿರಾಕಿಯ ಎದುರಿಗೇ. ಈಗ ನೆನೆಸಿಕೊಂಡರೆ ಮೈ ಉರಿಯುತ್ತೆ.

ವೆಂಡರಿಗೆ ಫೋನ್ ಮಾಡಿದೆ. “ಒಮ್ಮೆ ರೀಸ್ಟಾರ್ಟ್ ಮಾಡ್ರಿ.” ಮಾಡಿದೆ. ಕಪ್ಪು ಸ್ಕ್ರೀನ್ ಮೇಲೆ 1779 ಅನ್ನೋ ನಂಬರಿನ ಮೆಸೇಜ್ ಬಂದು ನಿಂತಿತು. ಮೊದಲು ಫೇಲ್ ಆಗಿದ್ದ ಡಿಸ್ಕ್ ಈಗ ಕೆಲಸ ಮಾಡುವಂತೆ ಕಾಣುತ್ತಿದೆ ಅಥವಾ ಬದಲಿ ಡಿಸ್ಕ್ ಬಂದಿದೆ ಅಂತ ಅದರ ಅರ್ಥ. ಕೆಳಗೆ ಎರಡು ದಾರಿ. ಎಫ್1 ಒತ್ತಿದರೆ ಲಾಜಿಕಲ್ ಡ್ರೈವ್ (ಡಿಸ್ಕುಗಳನ್ನು ಕೂಡಿಸಿ ಮಾಡಿದ ಒಂದೇ ಡ್ರೈವ್) ಬಂದ್ ಇಟ್ಟು ಮುಂದೆ ಹೋಗುತ್ತೆ. ಎಫ್2 ಒತ್ತಿದರೆ ‘ಡೇಟಾ ಹೋಗೋದಕ್ಕೆ ಒಪ್ಪಿದ್ದೇನೆ, ಮತ್ತೆ ಚಾಲೂ ಮಾಡು’ ಅಂತ.

ನಾನು ಓದಿ ಮುಗಿಸುವ ಮೊದಲೇ ಫೋನಿನಲ್ಲಿ, “ಎಫ್2 ಒತ್ರಿ ಸರ, ಎಫ್2. ಬ್ಯಾರೆ ಏನೂ ನೋಡಬ್ಯಾಡ್ರಿ.”

“ಡೇಟಾ ಲಾಸ್ ಅಂತ ಬರೆದಿದೆಯಲ್ಲ ಇಲ್ಲಿ?”

“ಅದು ಎಲ್ಲಾದಕ್ಕೂ ಹಂಗ ಬರೀತದ್ರಿ. ಒತ್ರಿ ನೀವು.”

ಒತ್ತಲಿಲ್ಲ. ಎಫ್1 ಒತ್ತಿ ಫೋನ್ ಇಟ್ಟೆ. ಸ್ಕ್ರೀನ್ ಮೇಲೆ ಏನಿದೆ ಅಂತ ಕೇಳದೇ ಎಫ್2 ಅನ್ನೋನಿಗೆ ಆ ಮೆಸೇಜ್ ಬರುತ್ತೆ ಅಂತ ಮೊದಲೇ ಗೊತ್ತಿತ್ತು. ರೇಡ್ 5ರಲ್ಲಿ ಒಂದೇ ಡಿಸ್ಕ್ ಹೋದರೆ ಡ್ರೈವ್ ಬಂದ್ ಆಗೋದೇ ಇಲ್ಲ. ಸುಮ್ನೆ ನಿಧಾನ ಆಗಿ ನಡೀತಿರುತ್ತೆ.

ಧಾರವಾಡದಲ್ಲಿ ನಮ್ಮ ಸೋದರಮಾವನ ಮಗ ಇದ್ದಾನೆ, ಲಿನಕ್ಸ್ ಕೆಲಸದವನು. ಅವನು ಫೋನಿನಲ್ಲೇ ಕೂತು ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿಸಿದ, ಟೂಲ್ ಹಾಕಿಸಿದ. ಈ ಟೂಲಿಗೆ ಮೊದಲು ಎಚ್‌ಪಿಎಸಿಯುಸಿಎಲ್‌ಐ ಅಂತ ಹೆಸರು, ಆಮೇಲೆ ಎಚ್‌ಪಿಎಸ್‌ಎಸ್‌ಎಸಿಎಲ್‌ಐ ಆಯ್ತು, ಈಗ ಎಸ್‌ಎಸ್‌ಎಸಿಎಲ್‌ಐ. ಹೆಸರು ಬದಲಾದರೂ ಕಮಾಂಡು ಹೆಚ್ಚುಕಡಿಮೆ ಅವೇ. ಹೊಡೆದದ್ದು ಒಂದೇ ಸಾಲು: ಸಿಟಿಆರ್‌ಎಲ್ ಆಲ್ ಶೋ ಕಾನ್ಫಿಗ್.

ಬಂದದ್ದು ಇಷ್ಟು. ಅರೇ ಎ, ಅಂದರೆ ಡಿಸ್ಕುಗಳ ಗುಂಪು. ಅದರ ಕೆಳಗೆ ಲಾಜಿಕಲ್‌ಡ್ರೈವ್ 1, 3.6 ಟಿಬಿ, ರೇಡ್ 0, ಫೇಲ್ಡ್. ಅದರ ಕೆಳಗೆ ಒಂದೊಂದು ಡಿಸ್ಕಿಗೆ ಒಂದೊಂದು ಸಾಲು, ಫಿಸಿಕಲ್‌ಡ್ರೈವ್ 1ಐ:1:1, 1ಐ:1:2, 1ಐ:1:3, 1ಐ:1:4. ಮೂರನೆಯದರ ಮುಂದೆ ಫೇಲ್ಡ್. ಮುಗೀತು, ಐದನೇ ಸಾಲು ಇಲ್ಲ. ಸ್ಪೇರ್ ಇಲ್ಲ, ಅರೇಗೆ ಸೇರದ ಡಿಸ್ಕ್ ಅಂತಲೂ ಇಲ್ಲ.

“ಅಣ್ಣಾ, ಸೊನ್ನೆ ಅಂತ ಐತಲ್ಲೋ. ಐದು ಅಂದಿದ್ದಿ?” ಅಂದ ಅವನು.

ನಾನು ಆ ಸಾಲನ್ನು ಎಷ್ಟು ಹೊತ್ತು ನೋಡಿದೆನೋ. ಸೊನ್ನೆ. ದುಡ್ಡು ಕೊಟ್ಟದ್ದು ಐದಕ್ಕೆ, ಒಳಗಿದ್ದದ್ದು ಸೊನ್ನೆ. ನಿಜವಾದ ರೇಡ್ 5 ಆಗಿದ್ದಿದ್ದರೆ ಅದೇ ಜಾಗದಲ್ಲಿ ‘ಇಂಟೆರಿಮ್ ರಿಕವರಿ ಮೋಡ್’ ಅಂತ ಬರುತ್ತಿತ್ತು. ಅಂದರೆ ಒಂದು ಡಿಸ್ಕ್ ಕಮ್ಮಿ ಇದೆ, ಆದರೂ ನಡೀತಿದೆ ಅಂತ. ನಮ್ಮದು ಸೀದಾ ಫೇಲ್ಡ್.

ಲಿಸ್ಟಿನಲ್ಲೇ ಇಲ್ಲದ ಐದನೇ ಟ್ರೇಯನ್ನು ಆಮೇಲೆ ಎಳೆದೆ. ಗುಂಡಿ ಒತ್ತಿ ಹಿಡಿಕೆ ಎಳೆದ ಕೂಡಲೇ ಕೈಗೆ ಗೊತ್ತಾಯ್ತು, ಭಾರವೇ ಇಲ್ಲ. ಮುಂದೆ ದೀಪದ ಪಟ್ಟಿ, ಎರಡೂ ಬದಿಗೆ ತಗಡಿನ ಸಳಿ, ಸ್ಕ್ರೂ ಹಾಕೋ ತೂತು. ನಡುವೆ ಡಿಸ್ಕ್ ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಬರೀ ಕ್ಯಾಡಿ, ಡಿಸ್ಕ್ ಕೂರಿಸೋ ಚೌಕಟ್ಟು! ಅದನ್ನು ಹಿಡಿದುಕೊಂಡೇ ಸಾವಕಾರ್ರ ಕ್ಯಾಬಿನ್ನಿಗೆ ಹೋದೆ. ಅವರು ತಿರುಗಿಸಿ ನೋಡಿ, “ಇದಕ್ಕನ ನೀ ಸ್ಪೇರ್ ಅಂದಿದ್ದಿ, ತಮ್ಮಾ?” ಅಂದರು. ಬೈಯ್ದಿದ್ದರೆ ವಾಸಿ ಇತ್ತು. ಅವರು ಇದೇ ವೆಂಡರನ್ನು ಬೆಟಗೇರಿಯ ಇನ್ನೊಂದು ಪ್ರೆಸ್ಸಿಗೂ ಹೇಳಿ ಕೊಡಿಸಿದ್ದರು. ಆ ಫೋನ್ ಮಾಡುವಾಗ ಅವರ ಮುಖ ನೋಡೋಕೆ ಆಗಲಿಲ್ಲ.

ಈಗ ಅವನ ಉತ್ತರಗಳು. ವಾಟ್ಸಾಪಿನಲ್ಲಿ ಬಂದವು ಎಲ್ಲವೂ ಇವೆ, ಫೋನಿನಲ್ಲಿ ಹೇಳಿದ್ದು ನೆನಪಿದೆ.

ಮೊದಲು: “ಆ ಕಮಾಂಡ್ ತಪ್ಪ ತೋರಸ್ತದ್ರಿ, ಹಳೇ ವರ್ಷನ್ ಇರಬೇಕು.” ಕಂಟ್ರೋಲರ್ ತನ್ನೊಳಗೆ ಇರೋದನ್ನು ಹೇಳ್ತಿದೆ. ಅದರಲ್ಲಿ ತಪ್ಪು ತೋರಿಸೋದು ಏನು?

ಕ್ಯಾಡಿ ಫೋಟೋ ಕಳಿಸಿದ ಮೇಲೆ: “ಐದನೇದ್ ಸ್ಟಾಕ್ ಇರ್ಲಿಲ್ರಿ, ಆಮ್ಯಾಲೆ ಹಾಕಬೇಕಂತ ಬಿಟ್ಟಿದ್ವಿ. ನೀವ ನೆನಪ ಮಾಡ್ಲಿಲ್ಲ.” ನಾವು ನೆನಪು ಮಾಡಬೇಕಿತ್ತಂತೆ! ಹಾಕಿದ್ದರೂ ಸಾಕಿತ್ತು ನೋಡಿ. ಈ ಕಂಟ್ರೋಲರುಗಳಲ್ಲಿ ಬ್ಯಾಟರಿ ಇರೋ ಕ್ಯಾಶ್ (ತಾತ್ಕಾಲಿಕ ಮೆಮೊರಿ) ಇದ್ದರೆ, ಆಮೇಲೆ ಡಿಸ್ಕ್ ಸೇರಿಸಿ ಡೇಟಾ ಇದ್ದ ಹಾಗೇ ರೇಡ್ 0ಯನ್ನು ರೇಡ್ 5 ಮಾಡಬಹುದು. ಅಷ್ಟು ತಿಂಗಳಲ್ಲಿ ಒಂದು ಡಿಸ್ಕ್ ತಂದು ಹಾಕಲಿಲ್ಲ. ಸರ್ವಿಸ್ ವಿಸಿಟ್ ಅಂತ ಬಂದಾಗೆಲ್ಲ ಧೂಳು ಊದಿ ಸಹಿ ಹಾಕಿಸಿಕೊಂಡು ಹೋಗ್ತಿದ್ದ.

ಆಮೇಲೆ: “ರೇಡ್ 0 ಫಾಸ್ಟ್ ಇರ್ತದ ಸರ. ಡಿಸೈನ್ ಕೆಲಸಕ್ಕ ಅದ ಚಲೋ ಅಂತ ನಿಮ್ಮ ಸಲುವಾಗಿ ಮಾಡೀವಿ.” ನಮ್ಮ ಸಲುವಾಗಿ! ಇದಕ್ಕೆ ನಾನು ಏನು ಉತ್ತರ ಕೊಟ್ಟೆ ಅನ್ನೋದನ್ನು ಇಲ್ಲಿ ಬರೆಯೋಕೆ ಆಗಲ್ಲ.

ಕೊನೆಗೆ: “ಕೊಟೇಶನ್‌ನ್ಯಾಗ ಟೈಪಿಂಗ್ ಮಿಸ್ಟೇಕ್ ಆಗೇತಿ.”

ನಾಲ್ಕು ಉತ್ತರ, ನಾಲ್ಕೂ ಒಂದಕ್ಕೊಂದು ಸೇರಲ್ಲ. ಸ್ಟಾಕ್ ಇರಲಿಲ್ಲವೋ, ನಮ್ಮ ಒಳ್ಳೇದಕ್ಕೆ ಮಾಡಿದ್ದೋ, ಟೈಪಿಂಗೋ? ಯಾವುದಾದರೂ ಒಂದು ಹೇಳಪ್ಪಾ.

ಇದರ ನಡುವೆ ಹುಡುಗನನ್ನು ಕಳಿಸಿದ, ‘ಸರಿ ಮಾಡಿಕೊಡ್ತಾನೆ’ ಅಂತ. ಬಂದವನು ಏನೂ ಕೇಳದೇ ಕೀಬೋರ್ಡ್ ಎಳೆದುಕೊಂಡು ಟೈಪ್ ಮಾಡೋಕೆ ಶುರು ಮಾಡಿದ: ಎಲ್‌ಡಿ 1 ಡಿಲೀಟ್ ಫೋರ್ಸ್ಡ್. ಎಲ್‌ಡಿ ಅಂದರೆ ಲಾಜಿಕಲ್ ಡ್ರೈವ್. ಆ ಫೋರ್ಸ್ಡ್ ಇದೆಯಲ್ಲ, ಅದು ಇದ್ದರೆ ‘ಖಾತ್ರಿಯಾ?’ ಅಂತ ಟೂಲ್ ಕೇಳೋದೂ ಇಲ್ಲ, ನೇರ ಅಳಿಸಿಬಿಡುತ್ತೆ. ಎಂಟರ್ ಒತ್ತೋ ಮೊದಲೇ ಕೈ ಹಿಡಿದೆ. “ಹೊಸಾದ ಮಾಡಬೇಕಲ್ರಿ ಸರ, ಹಳೇದ ತೆಗೀಲಿಲ್ಲಂದ್ರ ಹೆಂಗ?” ಅಂದ. ಹುಡುಗನದು ತಪ್ಪಿಲ್ಲ ಬಿಡಿ, ಹೇಳಿ ಕಳಿಸಿದ್ದು ಅದನ್ನೇ. ಹಳೇ ಲಾಜಿಕಲ್ ಡ್ರೈವ್ ಅಳಿಸಿ ಹೊಸದು ಮಾಡಿಬಿಟ್ಟರೆ, ರೇಡ್ 0 ಇತ್ತು ಅನ್ನೋದಕ್ಕೆ ಪುರಾವೆಯೂ ಹೋಗುತ್ತೆ, ನಮ್ಮ ಫೈಲೂ ಹೋಗುತ್ತೆ. ಚಹಾ ಕುಡಿಸಿ ವಾಪಸ್ ಕಳಿಸಿದೆ.

ನಾಲ್ಕೂ ಡಿಸ್ಕಿಗೆ ಯಾವ ಟ್ರೇಯಲ್ಲಿ ಇತ್ತು ಅಂತ ಚೀಟಿ ಅಂಟಿಸಿ, ಸೀರಿಯಲ್ ನಂಬರ್ ಬರೆದು ಬೆಂಗಳೂರಿಗೆ ರಿಕವರಿಗೆ ಕೊಟ್ಟಿದ್ದೇವೆ. ಮೂರನೆಯದು ಓದೋಕೆ ಬಂದರೆ ಮಾತ್ರ ಏನಾದರೂ ಸಿಗುತ್ತೆ, ಮೂರೇ ಇಟ್ಟುಕೊಂಡು ಪ್ರಯೋಜನ ಇಲ್ಲ ಅಂದಿದ್ದಾರೆ. ಅವರು ಹೇಳಿದ ರೇಟು ಕೇಳಿದರೆ ಆ ದುಡ್ಡಿನಲ್ಲಿ ಇನ್ನೊಂದು ಸರ್ವರ್ ಬರುತ್ತೆ. ಮುಂಡರಗಿಯವರ ಕ್ಯಾಲೆಂಡರನ್ನು ಹಳೇ ಮೇಲಿನಲ್ಲಿದ್ದ ಪಿಡಿಎಫ್ ನೋಡಿಕೊಂಡು ಮತ್ತೆ ಕೂಡಿಸಿದೆ. ಬಾಕಿ ಗಿರಾಕಿಗಳಿಗೆ ಸಾವಕಾರ್ರೇ ಖುದ್ದು ಫೋನ್ ಮಾಡಿ ಕೈ ಮುಗಿದರು.

ಗ್ರಾಹಕ ಆಯೋಗಕ್ಕೆ ಹೋಗೋಣ ಅಂದರೆ, ವ್ಯಾಪಾರಕ್ಕೆ ಕೊಂಡ ಮಾಲು, ‘ವಾಣಿಜ್ಯ ಉದ್ದೇಶ’ ಅಂತ ಅವನು ವಾದ ಹೂಡಬಹುದು ಅಂತಾರೆ ವಕೀಲರು. ಬಿಲ್ಲಿನಲ್ಲಿ ‘ಸರ್ವರ್, 1 ನಗ, ಕೊಟೇಶನ್ ಪ್ರಕಾರ’ ಅಂತ ಇದೆ ಅಷ್ಟೇ. ಎಷ್ಟು ಡಿಸ್ಕ್, ಯಾವ ಸೀರಿಯಲ್, ಏನೂ ಇಲ್ಲ. ಈಗ ಅರ್ಥ ಆಗ್ತಿದೆ ಯಾಕೆ ಅಂತ. ಮೊನ್ನೆ ಮತ್ತೆ ಫೋನ್ ಮಾಡಿ, “ಆ ಖಾಲಿ ಕ್ಯಾಡಿ ವಾಪಸ್ ಕೊಡ್ರಿ ಸರ, ಅದಕ್ಕ ಬ್ಯಾರೆ ರೇಟ್ ಐತಿ” ಅಂದ. ಕ್ಯಾಡಿ ವಕೀಲರ ಹತ್ತಿರ ಇದೆ, ಅಲ್ಲಿಗೇ ಹೋಗಿ ಕೇಳು ಅಂದೆ.

ನೀವು ಮಾಡಬೇಕಾದದ್ದು ಜಾಸ್ತಿ ಏನಿಲ್ಲ. ಡೆಲಿವರಿ ದಿನ ಅವನ ಎದುರಿಗೇ ಸಿಟಿಆರ್‌ಎಲ್ ಆಲ್ ಶೋ ಕಾನ್ಫಿಗ್ ಹೊಡೆಸಿ ಫೋಟೋ ತೆಗೆದುಕೊಳ್ಳಿ. ಬೇರೆ ಕಂಪನಿಯ ಕಂಟ್ರೋಲರ್ ಆದರೆ ಅದಕ್ಕೂ ಇಂಥದೇ ಟೂಲ್ ಇರುತ್ತೆ, ಕೇಳಿ ಹಾಕಿಸಿ. ಪಿಡಿ (ಫಿಸಿಕಲ್ ಡ್ರೈವ್) ಆಲ್ ಶೋ ಡೀಟೇಲ್ ಅಂದರೆ ಸೀರಿಯಲ್ ನಂಬರ್ ಸಮೇತ ಬರುತ್ತೆ, ಅವನ್ನು ಬಿಲ್ಲಿನ ಮೇಲೆ ಬರೆಸಿ. ಪಾಸ್‌ವರ್ಡ್ ಕೊಡಲ್ಲ ಅಂದರೆ ಬಾಕಿ ದುಡ್ಡು ಕೊಡಬೇಡಿ. ರೇಡ್ 5 ನಿಜವಾಗಿಯೇ ಇದ್ದರೂ ಬೇರೆ ಒಂದು ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ಇರಲಿ. ತಪ್ಪಿ ಡಿಲೀಟ್ ಮಾಡಿದ ಫೈಲನ್ನು ಯಾವ ರೇಡೂ ವಾಪಸ್ ಕೊಡಲ್ಲ.

ಈಗಾಗಲೇ ಹಾಕಿಸಿಕೊಂಡು, ಒಂದು ಟ್ರೇಗೆ ದೀಪ ಇಲ್ಲದವರು ನನ್ನ ಹಾಗೆ ಎಳೆದು ನೋಡೋಕೆ ಹೋಗಬೇಡಿ. ನಮ್ಮದು ಹೇಗೂ ಸತ್ತಿತ್ತು. ನಡೀತಿರೋ ರೇಡ್ 0ಯಲ್ಲಿ ತಪ್ಪಿ ಬೇರೆ ಟ್ರೇ ಎಳೆದರೆ ಅಲ್ಲಿಗೆ ಮುಗೀತು. ಕಮಾಂಡ್ ಹೊಡೆದು ಲಿಸ್ಟ್ ನೋಡಿ. ಬಿಲ್ಲಿಗಿಂತ ಡಿಸ್ಕ್ ಕಮ್ಮಿ ಇದ್ದರೆ, ಇಲ್ಲಾ ರೇಡ್ ಮುಂದೆ ಸೊನ್ನೆ ಇದ್ದರೆ, ಮೊದಲು ಎಲ್ಲ ಫೈಲ್ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ವೆಂಡರಿಗೆ ಫೋನ್ ಆಮೇಲೆ. ಮೊದಲೇ ಫೋನ್ ಮಾಡಿದರೆ ಡಿಲೀಟ್ ಮಾಡೋಕೆ ಹುಡುಗ ಬರ್ತಾನೆ.